ಇನ್ನೊಬ್ಬರ ಹೆಸರಿನಲ್ಲಿ 20ನೇ ಕೀರ್ತನೆ

"ನಮ್ಮವ್ವಗ ಆರಾಮ ಇಲ್ರೀ, ಪ್ರಾರ್ಥನಾದಾಗ ನೆನಸ್ರಿ." ಬೀದರ್, ಕಲಬುರಗಿ, ವಿಜಯಪುರದಿಂದ ದುಡಿಮೆಗೆ ಬಂದು ಪುಣೆಯ ನಿಗಡಿಯಲ್ಲಿ ನೆಲೆಸಿದ ಕನ್ನಡ ಕ್ರೈಸ್ತ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಕೇಳಿಸಿಕೊಂಡವರು "ಆಯ್ತವ್ವ, ಮಾಡ್ತೀವಿ" ಅನ್ನುತ್ತಾರೆ. ಆಮೇಲೆ ಫಸ್ಟ್ ಶಿಫ್ಟಿನ ಬಸ್ಸು, ಮಕ್ಕಳ ಡಬ್ಬಿ, ನಲ್ಲಿಯಲ್ಲಿ ನೀರು ಬರುವ ಹೊತ್ತು. ರಾತ್ರಿ ನೆನಪಾದಾಗ ಮಾತೇ ಹೊರಡುವುದಿಲ್ಲ. ಹೊರಟರೂ "ದೇವರೇ, ಅವರನ್ನು ಗುಣಪಡಿಸು, ಆಶೀರ್ವದಿಸು" ಎನ್ನುವಷ್ಟರಲ್ಲಿ ಮುಗಿಯುತ್ತದೆ. ಕೆಲವರದ್ದು ಇದಕ್ಕೆ ಉಲ್ಟಾ. ಯಾವ ಡಾಕ್ಟರು ಏನೆಂದರು, ಯಾವ ಮಗ ನೋಡಿಕೊಳ್ಳುತ್ತಿಲ್ಲ, ಹೊಲದ ಜಗಳ ಎಲ್ಲಿಗೆ ಬಂತು ಎಂದು ಪ್ರಾರ್ಥನೆ ಪೂರ್ತಿ ವರದಿಯಾಗುತ್ತದೆ. ದೇವರಿಗೆ ಗೊತ್ತಿರುವುದನ್ನು ಪಕ್ಕದಲ್ಲಿ ಕೂತವರಿಗೆ ತಿಳಿಸುವ ಪ್ರಾರ್ಥನೆ ಅದು.

ಮಾತು ಸಾಲದವರಿಗೂ ಮಾತು ಹೆಚ್ಚಾದವರಿಗೂ ಒಂದೇ ಮದ್ದು ಬೈಬಲಿನಲ್ಲಿದೆ. ಅದು 20ನೇ ಕೀರ್ತನೆ. ಒಂಬತ್ತೇ ವಚನ, ನಿಧಾನವಾಗಿ ಓದಿದರೂ ಎರಡು ನಿಮಿಷ ಹಿಡಿಯುವುದಿಲ್ಲ. 150 ಕೀರ್ತನೆಗಳಲ್ಲಿ ಬಹುಪಾಲು ದೇವರನ್ನು ಹೊಗಳುತ್ತವೆ, ಇಲ್ಲವೇ ತಮಗಾಗಿ ಬೇಡುತ್ತವೆ. ಇದು ಹಾಗಲ್ಲ. ಯುದ್ಧಕ್ಕೆ ಹೊರಟ ಅರಸನನ್ನು ಎದುರಿಗೆ ನಿಲ್ಲಿಸಿಕೊಂಡು ಅವನ ಜನ ಅವನಿಗಾಗಿ ಹೇಳುವ ಪ್ರಾರ್ಥನೆ ಇದು. ಅರಸನಿಗೆ ಅದು ಕೇಳಿಸುತ್ತಿದೆ. ಇದರ ಗುಟ್ಟೆಲ್ಲ ಅಲ್ಲಿದೆ. ನಾವು ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರ ಕಿವಿಗೆ ಬಿದ್ದರೆ ಅವರಿಗೆ ಮುಜುಗರವಾಗಬಾರದು, ಬಲ ಬರಬೇಕು. ಪರರಿಗಾಗಿ ಮಾಡುವ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಈ ಬಳಕೆ ಹೊಸತೇನೂ ಅಲ್ಲ. ಯೆಹೂದಿಗಳು ವಾರದ ಸಾಮಾನ್ಯ ದಿನಗಳ ಬೆಳಗಿನ ಪ್ರಾರ್ಥನೆಯಲ್ಲಿ ಈ ಕೀರ್ತನೆ ಓದುತ್ತಾರೆ, ಕಷ್ಟದಲ್ಲಿರುವವರಿಗಾಗಿ ಪ್ರತ್ಯೇಕವಾಗಿಯೂ ಓದುತ್ತಾರೆ. ಪುಣೆಯ ಕ್ಯಾಂಪಿನಲ್ಲಿ ಜನ 'ಲಾಲ್ ದೇವಳ' ಎಂದು ಕರೆಯುವ, 1867ರಲ್ಲಿ ಪೂರ್ಣಗೊಂಡ ಓಹೆಲ್ ಡೇವಿಡ್ ಸಿನಗಾಗ್ ಇದೆಯಲ್ಲ, ಅದು ಈ ಪರಂಪರೆಗೆ ಸೇರಿದ ಮನೆ. ಕಥೋಲಿಕ ಗುರುಗಳು ಮತ್ತು ಕನ್ಯಾಸ್ತ್ರೀಯರ ನಾಲ್ಕು ವಾರದ ಸರದಿಯ ಪ್ರಾರ್ಥನಾ ಪುಸ್ತಕದಲ್ಲಿ ಮೊದಲ ವಾರದ ಮಂಗಳವಾರ ಸಂಜೆಗೆ ಇದು ಬರುತ್ತದೆ. ಯಾವ ಸಂಕಟಕ್ಕೆ ಯಾವ ಕೀರ್ತನೆ ಎಂಬ ಪಟ್ಟಿಯೂ ಹಳೆಯದೇ. 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಮಾರ್ಸೆಲಿನಸ್ ಎಂಬವನಿಗೆ ಬರೆದ ಪತ್ರದಲ್ಲಿ ಅಂಥ ಉದ್ದನೆಯ ಪಟ್ಟಿ ಇದೆ. ಪತ್ರಿಕೆಗಳ ಮಾಹಿತಿ ಲೇಖನಕ್ಕೆ ಅವನನ್ನೇ ಮೂಲಪುರುಷ ಅನ್ನಬಹುದೇನೋ. ಕನ್ನಡದಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ ಇಡೀ ಬೈಬಲ್ 1831ರಲ್ಲಿ ಬಳ್ಳಾರಿಯಿಂದ ಹೊರಬಂತು. ಅಂದಿನಿಂದ ಕೀರ್ತನೆಗಳು ನಮ್ಮ ಮನೆಮಾತಿನಲ್ಲೇ ಇವೆ.

ಇನ್ನು ವಿಧಾನಕ್ಕೆ ಬರೋಣ.

ಓದುವ ಮೊದಲು ಕೇಳಿ

ಪುಸ್ತಕ ತೆರೆಯುವ ಮೊದಲಿನ ಕೆಲಸ ಒಂದು ಫೋನು. ನಾಲ್ಕನೇ ವಚನ, ದೇವರು ನಿನ್ನ ಮನದಾಸೆಯನ್ನು ಈಡೇರಿಸಲಿ, ನಿನ್ನ ಯೋಜನೆ ಕೈಗೂಡಲಿ ಎಂದು ಹಾರೈಸುತ್ತದೆ. ಅವರ ಮನದಾಸೆ ಏನೆಂದು ನಿಮಗೆ ಗೊತ್ತೇ? ಬಹಳ ಸಲ ಗೊತ್ತಿರುವುದಿಲ್ಲ, ಗೊತ್ತಿದೆ ಅಂದುಕೊಂಡಿರುತ್ತೇವೆ. ಹಾಸಿಗೆ ಹಿಡಿದ ಮುದುಕಿಗೆ ಕಾಯಿಲೆ ವಾಸಿಯಾಗಲಿ ಎಂದು ನಾವು ಗಂಟೆಗಟ್ಟಲೆ ಬೇಡುತ್ತಿರುತ್ತೇವೆ. ಆಕೆಗೆ ಬೇಕಾದದ್ದು ಒಮ್ಮೆ ಊರಿಗೆ ಹೋಗಿ ತಂಗಿಯ ಮುಖ ನೋಡುವುದು. ಕೆಲಸ ಹೋದ ಹುಡುಗನಿಗೆ ಇನ್ನೊಂದು ಕಂಪನಿ ಸಿಗಲಿ ಎನ್ನುತ್ತೇವೆ. ಅವನ ಮನಸ್ಸಿನಲ್ಲಿ ಸ್ವಂತ ಗ್ಯಾರೇಜಿನ ಕನಸಿರುತ್ತದೆ.

ಕೇಳುವುದಕ್ಕೆ ದೊಡ್ಡ ಪೀಠಿಕೆ ಬೇಡ. "ಮಾಮಾ, ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡೂದದ. ದೇವರ ಹತ್ರ ಏನು ಕೇಳ್ಲಿ?" ಅಷ್ಟು ಸಾಕು. ಪ್ರಾರ್ಥನೆಗಿಂತ ಮೊದಲು ಈ ಪ್ರಶ್ನೆಯೇ ಅರ್ಧ ಭಾರ ಇಳಿಸುವುದುಂಟು. ಮಾತಾಡಲಾಗದ ಸ್ಥಿತಿಯಲ್ಲಿದ್ದರೆ ಆರೈಕೆ ಮಾಡುವವರನ್ನು ಕೇಳಿ.

ಇಲ್ಲೊಂದು ಎಚ್ಚರಿಕೆ ಬೇಕು. ನಾಲ್ಕನೇ ವಚನ ಖಾಲಿ ಚೆಕ್ ಅಲ್ಲ. ಅದು ತನ್ನ ಜನರನ್ನು ಕಾಯಬೇಕಾದ ಅರಸನಿಗೆ ಹೇಳಿದ ಮಾತು. ಅರಸನ ಕೆಲಸವೇನೆಂದು 72ನೇ ಕೀರ್ತನೆ ತಿಳಿಸುತ್ತದೆ: ಬಡವರಿಗೆ ನ್ಯಾಯ ಕೊಡುವುದು, ದಿಕ್ಕಿಲ್ಲದವರನ್ನು ಕೈಹಿಡಿದೆತ್ತುವುದು. ಹಾಗಾಗಿ ದಾಯಾದಿ ಹಾಳಾಗಲಿ, ವರದಕ್ಷಿಣೆ ಇನ್ನಷ್ಟು ಬರಲಿ ಎಂಬುದೇ ಅವರ ಮನದಾಸೆಯಾಗಿದ್ದರೆ ನಾಲ್ಕನೇ ವಚನ ಬಿಡಿ. ಮೊದಲೆರಡು ವಚನಗಳ ಮೇಲೆ ನಿಲ್ಲಿ, ಕಷ್ಟದ ದಿನ ದೇವರು ಓಗೊಡಲಿ, ಸಹಾಯ ಕಳುಹಿಸಲಿ ಎಂದಷ್ಟೇ ಕೇಳಿ. ಅದು ಎಲ್ಲರಿಗೂ ಹೊಂದುತ್ತದೆ.

ವಚನ ವಚನವಾಗಿ

ಒಂದನೇ ವಚನದಲ್ಲಿ ಯಾಕೋಬನ ಹೆಸರು ಬರುತ್ತದೆ. ದಾವೀದನ ಹಾಡೆಂದು ತಲೆಬರಹವಿರುವ ಈ ಕೀರ್ತನೆಯಲ್ಲಿ ಯಾಕೋಬ ಯಾಕೆ? ಅವನು ಅಣ್ಣನ ಸಿಟ್ಟಿಗೆ ಹೆದರಿ ಊರು ಬಿಟ್ಟವನು, ಕಲ್ಲನ್ನೇ ದಿಂಬು ಮಾಡಿಕೊಂಡು ಬಯಲಲ್ಲಿ ಮಲಗಿದವನು. ಸೋದರಮಾವ ಲಾಬಾನನ ಹತ್ತಿರ 20 ವರ್ಷ ದುಡಿದ. ಹಗಲ ಬಿಸಿಲು, ರಾತ್ರಿಯ ಚಳಿ, ನಿದ್ದೆಗೇಡು. ಸೋದರಮಾವ ಹತ್ತು ಸಲ ಸಂಬಳ ಬದಲಿಸಿದನೆಂದು ಆದಿಕಾಂಡದ 31ನೇ ಅಧ್ಯಾಯದಲ್ಲಿ ಅವನೇ ದೂರುತ್ತಾನೆ. ಮುಂದೆ 35ನೇ ಅಧ್ಯಾಯದಲ್ಲಿ, ಕಷ್ಟದ ದಿನ ತನ್ನ ಕೂಗು ಕೇಳಿದ ದೇವರಿಗೆ ಬೇತೇಲಿನಲ್ಲಿ ಯಜ್ಞವೇದಿ ಕಟ್ಟುತ್ತೇನೆ ಅನ್ನುತ್ತಾನೆ. ಕೀರ್ತನೆ ಆ ನೆನಪನ್ನೇ ಮೇಲೆತ್ತಿಕೊಂಡಂತಿದೆ. ಚಿಂಚವಡ, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಕಾಂಟ್ರಾಕ್ಟಿನ ಮೇಲೆ ದುಡಿಯುವವರಿಗೆ, ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಇರುವವರಿಗೆ ಪ್ರಾರ್ಥಿಸುವಾಗ ಈ ಕತೆಯನ್ನು ಎರಡು ಮಾತಿನಲ್ಲಿ ಹೇಳಿಯೇ ಮುಂದೆ ಹೋಗಿ. ಯಾಕೋಬನ ದೇವರು ಅಂದರೆ ಊರು ಬಿಟ್ಟವರ ದೇವರು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ವಚನ ಪವಿತ್ರಾಲಯದಿಂದ, ಚೀಯೋನಿನಿಂದ ಸಹಾಯ ಬರಲಿ ಎನ್ನುತ್ತದೆ. ಸಹಾಯ ಬರುವುದು ಯಾರದೋ ಕೈಯಿಂದಲೇ. ಆ ಕೈ ನಿಮ್ಮದಾಗಬಹುದೇ ಎಂದು ಇಲ್ಲಿ ಒಂದು ಗಳಿಗೆ ಯೋಚಿಸಿ. ರಕ್ತ ಕೊಡುವುದಿರಬಹುದು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೂರುವುದಿರಬಹುದು.

ಮೂರನೇ ವಚನವನ್ನು ಜನ ಸಾಮಾನ್ಯವಾಗಿ ಹಾರಿಸುತ್ತಾರೆ, ಹೋಮ-ನೈವೇದ್ಯದ ಮಾತು ನಮಗೇಕೆ ಎಂದು. ನನ್ನ ಮಟ್ಟಿಗೆ ಕೀರ್ತನೆಯ ತಿರುಳೇ ಇಲ್ಲಿದೆ. ನೀನು ಕೊಟ್ಟದ್ದನ್ನೆಲ್ಲ ದೇವರು ನೆನಪಿನಲ್ಲಿಡಲಿ ಎನ್ನುತ್ತದೆ ಅದು. ಕಾಯಿಲೆ ಬಿದ್ದವರನ್ನು ನಾವು ಕಾಯಿಲೆಯಿಂದಲೇ ಗುರುತಿಸಲು ಶುರುಮಾಡುತ್ತೇವೆ: ಆ ಕಿಡ್ನಿಯವರು, ಈ ಶುಗರಿನವರು. ಮೂರನೇ ವಚನ ಆ ಅಭ್ಯಾಸ ಮುರಿಯುತ್ತದೆ. ಈ ಮನುಷ್ಯ ಬದುಕಿನಲ್ಲಿ ಏನೇನು ಕೊಟ್ಟ ಎಂದು ಎಣಿಸಿ, ಒಂದೊಂದಾಗಿ ಹೇಳಿ. ಮೂವತ್ತು ವರ್ಷ ಲೇತ್ ಮಶೀನಿನ ಮುಂದೆ ನಿಂತು ತಮ್ಮಂದಿರನ್ನು ಓದಿಸಿದ್ದು. ಊರಿಂದ ಕೆಲಸ ಹುಡುಕಿಕೊಂಡು ಬಂದ ಹುಡುಗರಿಗೆಲ್ಲ ಒಂದೇ ಕೋಣೆಯ ಮನೆಯಲ್ಲಿ ಚಾಪೆ ಹಾಸಿದ್ದು. ಕ್ರಿಸ್ಮಸ್ಸಿಗೆ ಸಭೆಯ ಅಡುಗೆಗೆ ನಿಂತದ್ದು. ದೊಡ್ಡದೇ ಆಗಬೇಕಿಲ್ಲ, ನಿಜವಾಗಿರಬೇಕು. ಹಾಸಿಗೆ ಹಿಡಿದವರ ಎದುರು ಇದನ್ನು ಜೋರಾಗಿ ಹೇಳಿ ನೋಡಿ. ಸತ್ತ ಮೇಲೆ ಸ್ಮರಣೆಯ ಕೂಟದಲ್ಲಿ ಹೇಳುವ ಒಳ್ಳೆಯ ಮಾತೆಲ್ಲ ಬದುಕಿದ್ದಾಗಲೇ ಅವರ ಕಿವಿಗೆ ಬೀಳುತ್ತದೆ.

ಐದನೇ ವಚನ ಪ್ರಾರ್ಥಿಸುವವರ ಹೊಟ್ಟೆಕಿಚ್ಚಿಗೆ ಇಟ್ಟ ಪರೀಕ್ಷೆ. ನಿನಗೆ ಜಯವಾದಾಗ ನಾವು ಹರ್ಷಧ್ವನಿ ಮಾಡುತ್ತೇವೆ, ಧ್ವಜ ಎತ್ತುತ್ತೇವೆ ಎಂದು ಜನ ಅರಸನಿಗೆ ಮಾತು ಕೊಡುತ್ತಾರೆ. ರೋಗಿಯ ವಿಷಯದಲ್ಲಿ ಇದು ಸುಲಭ. ಓರಗೆಯವರ ವಿಷಯದಲ್ಲಿ ಕಷ್ಟ. ನಿಮ್ಮ ಜೊತೆಗೇ ಸೇರಿದವನಿಗೆ ಕಾಯಂ ಆರ್ಡರ್ ಬಂತು, ನಿಮಗೆ ಬರಲಿಲ್ಲ. ನಾದಿನಿಯ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು, ನಿಮ್ಮ ಮಗ ಇನ್ನೂ ಅಲೆಯುತ್ತಿದ್ದಾನೆ. ಅವರ ಗೆಲುವಿನಲ್ಲಿ ಕೂಗುವೆ ಎಂದು ಮೊದಲೇ ಹೇಳಿಬಿಡಲು ಬಾಯಿ ಬಾರದಿದ್ದರೆ, ಅಂದು ಅಲ್ಲಿಗೇ ನಿಲ್ಲಿಸಿ, ಪುಸ್ತಕ ಮಡಚಿಡಿ. ಬಾಯುಪಚಾರಕ್ಕೆ ಮುಂದುವರಿಯುವುದಕ್ಕಿಂತ ಅದು ಮೇಲು.

ಐದಕ್ಕೂ ಆರಕ್ಕೂ ನಡುವೆ ದನಿ ತಟ್ಟನೆ ಬದಲಾಗುತ್ತದೆ. ಅಲ್ಲಿಯವರೆಗೆ "ನಾವು" ಎನ್ನುತ್ತಿದ್ದ ಗುಂಪಿನಿಂದ ಒಬ್ಬನೇ ಎದ್ದು, ದೇವರು ತನ್ನ ಅಭಿಷಿಕ್ತನನ್ನು ಕೈಬಿಡುವುದಿಲ್ಲವೆಂದು ಈಗ ನನಗೆ ತಿಳಿಯಿತು ಅನ್ನುತ್ತಾನೆ. ಆ ನಡುವೆ ಯಜ್ಞ ನಡೆದು, ಯಾಜಕನೋ ಪ್ರವಾದಿಯೋ ದೇವರ ಉತ್ತರ ತಿಳಿಸಿರಬೇಕೆಂದು ಪಂಡಿತರು ಊಹಿಸುತ್ತಾರೆ. ನಮಗೆ ಇದರಿಂದ ಬಳಕೆಗೆ ಬರುವ ಪಾಠ ಒಂದೇ. ಐದನೇ ವಚನ ಮುಗಿದ ಮೇಲೆ ಸುಮ್ಮನೆ ಕೂರಿ. ನಮ್ಮ ಮನೆಕೂಟಗಳಲ್ಲಿ ಮೌನಕ್ಕೆ ಬಹಳ ಹೆದರಿಕೆ, ಯಾರಾದರೂ ತಕ್ಷಣ "ಹಲ್ಲೆಲೂಯಾ" ಅನ್ನಲೇಬೇಕು. ಇಲ್ಲಿ ಅನ್ನಬೇಡಿ. ಮನಸ್ಸಿಗೆ ಧೈರ್ಯ ಬಂದರೆ ಆರನೇ ವಚನ ಓದಿ. ಬರದಿದ್ದರೂ ಓದಿ, ಆದರೆ "ನನಗೆ ಗೊತ್ತು, ದೇವರು ಮಾಡೇ ಮಾಡುತ್ತಾನೆ, ಬರೆದಿಟ್ಟುಕೊಳ್ಳಿ" ಎಂದು ರೋಗಿಯ ಮುಂದೆ ಭವಿಷ್ಯ ನುಡಿಯಬೇಡಿ. ಆ ಮಾತಿನ ಸಾಲ ತೀರಿಸುವವರು ನೀವಲ್ಲ, ಅವರ ಮನೆಯವರು.

ಏಳನೇ ವಚನ ಈ ಕೀರ್ತನೆಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ: ಕೆಲವರಿಗೆ ರಥಗಳ ಬಲ, ಕೆಲವರಿಗೆ ಕುದುರೆಗಳ ಬಲ, ನಮಗಾದರೋ ದೇವರ ನಾಮದ ಬಲ. ಈ ಊರಿನಲ್ಲಿ ಈ ಮಾತಿಗೆ ಬೇರೆಯದೇ ತೂಕವಿದೆ. ರಥ ಕಟ್ಟುವುದೇ ಇಲ್ಲಿಯ ಕಸುಬು. ಪಿಂಪರಿಯಲ್ಲಿ ಟಾಟಾ ಮೋಟರ್ಸ್, ಆಕುರ್ಡಿಯಲ್ಲಿ ಬಜಾಜ್, ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ದೊಡ್ಡ ಶೆಡ್ಡುಗಳು. ದೇಶದ ಅರ್ಧ ಮಧ್ಯಮ ವರ್ಗವನ್ನು ಸ್ಕೂಟರಿನ ಮೇಲೆ ಕೂರಿಸಿದ ಆಕುರ್ಡಿಯ ಕಾರ್ಖಾನೆ 2007ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದನ್ನು ಕಂಡ ತಲೆಮಾರಿಗೆ ರಥವೂ ನಿಂತುಹೋಗುತ್ತದೆ ಎಂದು ಕಲಿಸಬೇಕಾಗಿಲ್ಲ. ಕೆಲಸ ಕಳೆದುಕೊಂಡವರಿಗಾಗಿ, ಕಂಪನಿ ಮುಚ್ಚುವ ಸುದ್ದಿ ಕೇಳಿ ನಿದ್ದೆ ಬಾರದವರಿಗಾಗಿ ಪ್ರಾರ್ಥಿಸುವಾಗ ಏಳು ಮತ್ತು ಎಂಟನೇ ವಚನಗಳನ್ನು ಎರಡೆರಡು ಸಲ ಓದಿ. ಬಿದ್ದವರು ಯಾರು, ಎದ್ದು ನೆಟ್ಟಗೆ ನಿಂತವರು ಯಾರು ಎಂದು ಎಂಟನೆಯದು ಹೇಳುತ್ತದೆ.

ಆದರೆ ಇದೇ ವಚನ ಹಿಡಿದು ಔಷಧ ಬಿಡಿಸುವವರೂ ಇದ್ದಾರೆ. ಇನ್ಸುಲಿನ್ ರಥ, ಡಯಾಲಿಸಿಸ್ ಕುದುರೆ, ನಂಬಿಕೆ ಇದ್ದರೆ ನಿಲ್ಲಿಸು ಎನ್ನುವ ಉಪದೇಶಕ್ಕೆ ಈ ಕೀರ್ತನೆಯಲ್ಲಿ ಎಲ್ಲೂ ಆಧಾರವಿಲ್ಲ. ಪ್ರಾರ್ಥನೆ ಮುಗಿಸಿದ ಅರಸ ಕತ್ತಿ ಕೆಳಗಿಟ್ಟು ಮನೆಗೆ ಹೋಗಲಿಲ್ಲ, ಯುದ್ಧಕ್ಕೇ ಹೋದ. ಕುದುರೆಯನ್ನು ಯುದ್ಧದ ದಿನಕ್ಕೆ ಸಿದ್ಧ ಮಾಡುವುದು ಮನುಷ್ಯನ ಕೆಲಸ, ಜಯ ದೇವರದು ಎಂಬ ಅರ್ಥದ ಮಾತು ಜ್ಞಾನೋಕ್ತಿಗಳ 21ನೇ ಅಧ್ಯಾಯದ ಕೊನೆಯಲ್ಲಿದೆ. ಮಾತ್ರೆ ನುಂಗಿಸಿಯೇ ಪ್ರಾರ್ಥನೆ ಮಾಡಿ.

ಒಂಬತ್ತನೆಯದರಲ್ಲಿ ಮಾತು ಅರಸನಿಂದ ದೇವರ ಕಡೆ ತಿರುಗುತ್ತದೆ: ಕರೆದಾಗ ನಮಗೆ ಓಗೊಡು. ಗಮನಿಸಿ, ಕೊನೆಗೆ "ಅವನಿಗೆ" ಇಲ್ಲ, "ನಮಗೆ". ಒಬ್ಬರ ಕಷ್ಟ ಅಷ್ಟು ಹೊತ್ತಿಗೆ ಎಲ್ಲರದಾಗಿದೆ.

ಹೆಸರು ಹಾಕುವ ಬಗೆ

ಕೀರ್ತನೆಯಲ್ಲಿ "ನಿನ್ನ" ಎಂದಿರುವ ಕಡೆ ಅವರ ಹೆಸರನ್ನೋ ನಂಟನ್ನೋ ಹಾಕಿ. ಅತ್ತೆ-ಮಾವ, ಹಿರಿಯರಾದರೆ ಮನೆಯಲ್ಲಿ ಆಡುವಂತೆ ಬಹುವಚನವೇ ಇರಲಿ, ಪುಸ್ತಕದಲ್ಲಿ ಏಕವಚನ ಇದೆಯೆಂದು ಮಾವನವರನ್ನು ಏಕವಚನದಲ್ಲಿ ಕರೆಯುವ ಅಗತ್ಯವಿಲ್ಲ. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಯೆಹೋವ ಎಂದಿದ್ದರೆ ಕಥೋಲಿಕರ ಬೈಬಲಿನಲ್ಲಿ ಸರ್ವೇಶ್ವರ ಎಂದಿರುತ್ತದೆ. ಕೇಳುವವರಿಗೆ ಯಾವುದು ರೂಢಿಯೋ ಅದನ್ನೇ ಬಳಸಿ.

ಮಂಡಿಯ ಆಪರೇಷನ್ನಿಗೆ ಹೊರಟ ವೈನಿಯ ಎದುರು ಕೂತು ಹೇಳುವುದಾದರೆ ಹೀಗಿರಬಹುದು: "ವೈನಿ, ಈ ದಿನ ನೀವು ಕೂಗಿದ್ದು ದೇವರಿಗೆ ಕೇಳಲಿ. ಪರವೂರಲ್ಲಿ ಯಾಕೋಬನನ್ನು ಕಾದವನು ನಿಮ್ಮನ್ನೂ ಕಾಯಲಿ. ಇಷ್ಟು ವರ್ಷ ಎಲ್ಲರ ಡಬ್ಬಿ ಕಟ್ಟಿದ್ದು, ಮಾವನ ಸೇವೆ ಮಾಡಿದ್ದು, ಬಂದವರಿಗೆಲ್ಲ ರೊಟ್ಟಿ ಬಡಿದದ್ದು ಅವನು ಮರೆಯದಿರಲಿ. ಮಗಳ ಮದುವೆಯ ಹೊತ್ತಿಗೆ ನಡೆದಾಡಬೇಕು ಅಂದಿರಲ್ಲ, ಅದು ನಡೆಯಲಿ. ನೀವು ಎದ್ದು ಓಡಾಡಿದ ದಿನ ನಾವೆಲ್ಲ ಕೂಡಿ ಹಾಡ್ತೀವಿ. ಡಾಕ್ಟರ ಕೈಗೂ ಬಲ ಕೊಡುವವನು ಅವನೇ, ನಮ್ಮ ಭರವಸೆ ಅವನ ಮೇಲೆ. ಸ್ವಾಮೀ, ನಾವು ಕರೆದಾಗ ಓಗೊಡು." ಒಂಬತ್ತು ವಚನಗಳ ಸಾರ ಇದರಲ್ಲಿ ಬಂತು. ಇದಕ್ಕಿಂತ ಉದ್ದ ಬೇಕಾಗಿಯೂ ಇಲ್ಲ.

ನಿಗಡಿಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮರಾಠಿ, ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲಾರರು. ಅಜ್ಜಿ ಕನ್ನಡದಲ್ಲಿ ಒಂದು ವಚನ ಓದಲಿ, ಮೊಮ್ಮಗಳು ಮರಾಠಿಯ ಸ್ತೋತ್ರಸಂಹಿತೆಯಿಂದ ಮುಂದಿನದನ್ನು ಓದಲಿ. ಇದಕ್ಕೆ ನಮ್ಮವರೇ ಒಬ್ಬರು ದಾರಿ ಹಾಕಿಕೊಟ್ಟಿದ್ದಾರೆ. ಪಂಡಿತಾ ರಮಾಬಾಯಿ ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಗಂಗಾಮೂಲದಲ್ಲಿ ಹುಟ್ಟಿದವರು. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿ 1922ರಲ್ಲಿ ತೀರಿಕೊಂಡರು. ಪುಣೆ ಹತ್ತಿರದ ಕೇಡಗಾವದಲ್ಲಿ ಅವರು ಕಟ್ಟಿದ ಮುಕ್ತಿ ಸದನದಲ್ಲಿ 1905ರಲ್ಲಿ ಹುಡುಗಿಯರು ಗುಂಪುಗುಂಪಾಗಿ ಕೂತು ಪರರಿಗಾಗಿ ಪ್ರಾರ್ಥಿಸಿದ ಸುದ್ದಿ ದೂರದ ದೇಶಗಳವರೆಗೆ ಹೋಗಿತ್ತು. ಪುಣೆಯಿಂದ ಸೋಲಾಪುರ, ಕಲಬುರಗಿ ಕಡೆ ರೈಲಿನಲ್ಲಿ ಹೋಗುವವರು ಕೇಡಗಾವವನ್ನು ದಾಟಿಯೇ ಹೋಗುತ್ತಾರೆ.

ಆಸ್ಪತ್ರೆ, ವಾಟ್ಸಾಪ್, ನೆರೆಮನೆ

ಪಿಂಪರಿಯ ಯಶವಂತರಾವ್ ಚವ್ಹಾಣ ಆಸ್ಪತ್ರೆಯಂಥ ಸಾರ್ವಜನಿಕ ವಾರ್ಡಿನಲ್ಲಿ ನಿಮ್ಮ ರೋಗಿಯ ಅಕ್ಕಪಕ್ಕ ಇನ್ನೂ ಹಲವರು ಮಲಗಿರುತ್ತಾರೆ. ದನಿ ಅವರ ಮಂಚ ದಾಟಬಾರದು. ನೋಡಲು ಬಿಡುವ ಹೊತ್ತಿನಲ್ಲಿ ಹೋಗಿ, ನರ್ಸಿನ ಕೆಲಸಕ್ಕೆ ಅಡ್ಡ ಬರದೆ, ಕೈ ಹಿಡಿದು ಓದಿ ಎದ್ದುಬನ್ನಿ. ತಲೆಯ ಮೇಲೆ ಕೈಯಿಡುವ ಮೊದಲು ಕೇಳಿ, ಹೊಲಿಗೆ ಹಾಕಿದ ತಲೆಗೆ ನೋವಾಗುತ್ತದೆ.

ವಾಟ್ಸಾಪ್ ಗುಂಪಿಗೆ ಸ್ಕ್ಯಾನ್ ರಿಪೋರ್ಟಿನ ಫೋಟೋ ಹಾಕಬೇಡಿ. ಹುಡುಗಿಯ ಸಂಬಂಧ ತಪ್ಪಿದ್ದು, ಮಗನ ಕುಡಿತ, ಗರ್ಭ ನಿಲ್ಲದ ಸಂಗತಿ, ಇವು ಅವರು ಒಪ್ಪಿದರೆ ಮಾತ್ರ ಹೊರಗೆ ಬರಬೇಕು. "ನಮ್ಮ ಸಭೆಯ ಒಬ್ಬ ತಂಗಿಗಾಗಿ 20ನೇ ಕೀರ್ತನೆ, ರಾತ್ರಿ ಒಂಬತ್ತಕ್ಕೆ" ಎಂದರೆ ಸಾಕು. ಹೆಸರು ದೇವರಿಗೆ ಗೊತ್ತು. ನೈಟ್ ಶಿಫ್ಟಿನವರು ಒಂಬತ್ತಕ್ಕೆ ಗೇಟಿನೊಳಗಿದ್ದರೆ ತಮ್ಮ ಹೊತ್ತಿನಲ್ಲಿ ಓದಲಿ. ವಾರದ ರಜೆ ಎಲ್ಲ ಕಾರ್ಖಾನೆಗಳಲ್ಲೂ ಭಾನುವಾರವೇ ಬರುವುದಿಲ್ಲ, ಸಭೆಗೆ ಬಾರದವರನ್ನು ಈ ಎರಡು ನಿಮಿಷ ಒಂದೇ ದಾರದಲ್ಲಿ ಹಿಡಿದಿಡುತ್ತದೆ.

ಬೇರೆ ಧರ್ಮದ ನೆರೆಯವರಿಗಾಗಿ? ಅವರು ಒಪ್ಪಿದರೆ ಎದುರಿಗೆ, ಇಲ್ಲವಾದರೆ ನಿಮ್ಮ ಮನೆಯಲ್ಲಿ ಸದ್ದಿಲ್ಲದೆ. ಪ್ರಾರ್ಥನೆಯನ್ನು ಕರಪತ್ರ ಮಾಡಬೇಡಿ. ಆಷಾಢ ಏಕಾದಶಿಗೆಂದು ದೇಹೂವಿನಿಂದ ಹೊರಟ ತುಕಾರಾಮರ ಪಾಲಖಿ ನಿಗಡಿಯ ಭಕ್ತಿ-ಶಕ್ತಿ ಚೌಕ ಹಾದು ಆಕುರ್ಡಿಯ ಮುಕ್ಕಾಮಿಗೆ ಬರುತ್ತದೆ. ಪಕ್ಕದ ಮನೆಯ ಅಜ್ಜಿ ಪಂಢರಪುರದವರೆಗೆ ನಡೆಯಲು ಹೊರಟಿದ್ದರೆ ಆಕೆಯ ಕಾಲಿಗೆ ನೋವಾಗದಿರಲಿ, ಬಿಸಿಲು ತಟ್ಟದಿರಲಿ ಎಂದು 121ನೇ ಕೀರ್ತನೆ ಓದುವುದರಲ್ಲಿ ತಪ್ಪೇನೂ ಇಲ್ಲ. ಅದು ಯೆರೂಸಲೇಮಿಗೆ ನಡೆದು ಹೋಗುತ್ತಿದ್ದ ಯಾತ್ರಿಕರ ಹಾಡು, 120ರಿಂದ 134ರವರೆಗಿನ ಯಾತ್ರೆಯ ಹದಿನೈದು ಕೀರ್ತನೆಗಳಲ್ಲಿ ಒಂದು. ಕೆಲವು ಪಾಸ್ಟರುಗಳಿಗೆ ಈ ಸಲಹೆ ರುಚಿಸಲಿಕ್ಕಿಲ್ಲ. ಅಂಥವರು ನೆನಪಿಡಲಿ, ಮರಾಠಿಯ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರು (1861–1919) ತುಕಾರಾಮರ ಅಭಂಗದ ಧಾಟಿಯಲ್ಲೇ ಕ್ರಿಸ್ತಭಕ್ತಿಯ ಹಾಡು ಕಟ್ಟಿದರು, ಮರಾಠಿ ಚರ್ಚುಗಳು ಅವನ್ನು ಇಂದಿಗೂ ಹಾಡುತ್ತವೆ.

ಮನಸ್ತಾಪ ಇರುವವರಿಗಾಗಿ ಪ್ರಾರ್ಥಿಸಬೇಕಾದಾಗ 35ನೇ ಕೀರ್ತನೆಯ 13ನೇ ವಚನ ಮೊದಲು ನೋಡಿ. ತನಗೆ ಕೇಡು ಬಗೆದವರು ಹಿಂದೆ ಕಾಯಿಲೆ ಬಿದ್ದಿದ್ದಾಗ ತಾನು ಗೋಣಿತಟ್ಟು ಉಟ್ಟು ಉಪವಾಸ ಮಾಡಿದ್ದೆ ಎಂದು ಹಾಡಿದವನು ಅಲ್ಲಿ ನೆನೆಯುತ್ತಾನೆ. ಅದಾದ ಮೇಲೆ 20ನೆಯದಕ್ಕೆ ಬನ್ನಿ. 109ರಂಥ ಶಾಪದ ಕೀರ್ತನೆಯನ್ನು ಯಾರ ಹೆಸರಿಟ್ಟೂ ಓದಬೇಡಿ. 91ನೆಯದನ್ನು ತಾಯತದಂತೆ ಬಳಸುವುದೂ ಬೇಡ. ದೇವಾಲಯದ ತುದಿಯಿಂದ ಜಿಗಿ, ದೂತರು ಹಿಡಿಯುತ್ತಾರೆ ಎಂದು ಯೇಸುವನ್ನು ಕೆಣಕಿದ ಸೈತಾನ ಎತ್ತಿ ಹೇಳಿದ್ದು ಆ ಕೀರ್ತನೆಯನ್ನೇ. ಮತ್ತಾಯ, ಲೂಕ ಇಬ್ಬರೂ ಇದನ್ನು 4ನೇ ಅಧ್ಯಾಯದಲ್ಲಿ ಬರೆದಿದ್ದಾರೆ.

ಬೇಡಿದ್ದು ಆಗದಿದ್ದರೆ

ಈ ಪ್ರಶ್ನೆ ಬಿಟ್ಟು ಬರೆಯುವ ಪ್ರಾರ್ಥನಾ ಮಾರ್ಗದರ್ಶಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಪುಟ ತಿರುಗಿಸಿ ನೋಡಿ. 20ರಲ್ಲಿ ಮನದಾಸೆ ಈಡೇರಲಿ ಎಂದು ಬೇಡಿದವರು 21ರ ಎರಡನೇ ವಚನದಲ್ಲಿ ಮನದಾಸೆ ಈಡೇರಿತೆಂದು ಸ್ತೋತ್ರ ಸಲ್ಲಿಸುತ್ತಾರೆ. ಆಪರೇಷನ್ ಸರಿಹೋಯಿತೇ, ಕೆಲಸ ಸಿಕ್ಕಿತೇ, ಆ ಮನೆಗೆ ಹೋಗಿ 21ನ್ನು ಓದಿ. ಬೇಡುವಾಗ ಇದ್ದ ಹುರುಪು ಕೃತಜ್ಞತೆಗೆ ಇರುವುದು ಅಪರೂಪ, ಆದ್ದರಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆಗಲಿಲ್ಲವಾದರೆ 22 ಇದೆ. ದೇವರೇ ಯಾಕೆ ಕೈಬಿಟ್ಟೆ ಎಂದು ಶುರುವಾಗುವ, ಯೇಸು ಶಿಲುಬೆಯ ಮೇಲೆ ಕೂಗಿದ ಕೀರ್ತನೆ ಅದು. ಮಗ ತೀರಿಕೊಂಡ ಮನೆಯಲ್ಲಿ "ದೇವರ ಚಿತ್ತ" ಎನ್ನುವ ಬದಲು ಅದನ್ನು ಅವರ ಜೊತೆ ಕೂತು ಓದಿ, ಅವರು ಅಳಲಿ. ಕುರುಬನ ಹಾಡಾದ 23 ಅದರ ಮುಂದಿನ ಪುಟದಲ್ಲಿದೆ, ಅದಕ್ಕೆ ಅವಸರ ಬೇಡ. ತಿಂಗಳುಗಳ ನಂತರವೂ ಓದಬಹುದು.

ನಿಮಗೇ ದುಃಖವಿಲ್ಲದ ದಿನ ದುಃಖದ ಕೀರ್ತನೆ ಓದುವುದು ನಟನೆಯಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಾಜಿ ಜರ್ಮನಿಯ ಪಾದ್ರಿ ಡೀಟ್ರಿಷ್ ಬಾನ್‌ಹಾಫರ್ 1939ರಲ್ಲಿ ಹೊರತಂದ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ನಿನ್ನ ಮನಸ್ಥಿತಿಗೆ ಹೊಂದದ ಕೀರ್ತನೆ ಸಭೆಯಲ್ಲಿ ಇನ್ನಾರದೋ ಮನಸ್ಥಿತಿ, ನೀನು ಅವರ ಪರವಾಗಿ ಓದುತ್ತಿದ್ದೀ ಎಂಬುದು ಅವನ ವಾದ. ಅದು ಸರಿಯೆಂದೇ ನನಗೂ ತೋರುತ್ತದೆ.

ಕೊನೆಯದಾಗಿ ಊರಿನ ಮಾತು. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ (29ನೇ ಅಧ್ಯಾಯ), ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂಬ ಸಲಹೆ ಇದೆ. ನಾವು ಇಲ್ಲಿಗೆ ಸೆರೆಯಾಗಿ ಬಂದಿಲ್ಲ, ಅನ್ನ ಹುಡುಕಿಕೊಂಡು ಬಂದವರು. ಆದರೂ ನಮ್ಮ ಪ್ರಾರ್ಥನೆಯ ಪಟ್ಟಿಯಲ್ಲಿ ಬೀದರಿನ ತಾಯಿ, ಆಳಂದದ ಹೊಲ, ಇಂಡಿಯ ತಮ್ಮ ಇರುತ್ತಾರೆ, ನಿಗಡಿ ಇರುವುದಿಲ್ಲ. ಕಸ ಗುಡಿಸುವವರು, ಹೆದ್ದಾರಿಯಲ್ಲಿ ಟ್ರಾಫಿಕ್ ನಿಭಾಯಿಸುವ ಪೊಲೀಸರು, ಮಕ್ಕಳ ಮರಾಠಿ ಟೀಚರು, ಇವರಲ್ಲಿ ಯಾರಾದರೂ ಒಬ್ಬರನ್ನು ವಾರಕ್ಕೊಮ್ಮೆ ಆ ಒಂಬತ್ತು ವಚನದೊಳಗೆ ತನ್ನಿ.

ಇವತ್ತೇ ಶುರುಮಾಡುವುದಾದರೆ ಒಂದೇ ಹೆಸರು ಆರಿಸಿಕೊಳ್ಳಿ, ಪಟ್ಟಿ ಬೇಡ. ಮನೆಯಲ್ಲೇ ಯಾರಾದರೂ ನೈಟ್ ಶಿಫ್ಟಿಗೆ ಹೊರಡುವವರಿದ್ದರೆ ಅವರಿಂದಲೇ ಶುರುವಾಗಲಿ. ಊಟಕ್ಕೆ ಕೂತಾಗಲೇ ಓದಿಬಿಡಿ, ಶೂ ಹಾಕಿಕೊಳ್ಳುವ ಹೊತ್ತಿಗೆ ತಡವಾಗುತ್ತದೆ. ಕಂಪನಿ ಬಸ್ಸು ಕಾಯುವುದಿಲ್ಲ.